ಒಂದು ತೊಟ್ಟಿಗೆ ಒಂದು ಮೀನು

ಮನೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿಟ್ಟು ಮೀನು ಸಾಕಬೇಕೆಂದು ಬಯಸುವವರು ಬಹುಸಂಖ್ಯೆಯನ್ನೇ ಸೌಂದರ್ಯವೆಂದು ಭಾವಿಸಿ, ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಬಣ್ಣಬಣ್ಣದ ಜೀವಗಳನ್ನೆಲ್ಲ ಜೊತೆಜೊತೆಯಾಗಿ ಚೀಲದಲ್ಲಿ ತುಂಬಿಸಿಕೊಂಡು ಬರುವುದು ವಾಡಿಕೆ. ಸ್ಥಳವೂ ದ್ರವ್ಯವೂ ಪರಿಮಿತವಾಗಿರುವ ಗೃಹಸ್ಥನಿಗೆ ಇದಕ್ಕಿಂತ ತೃಪ್ತಿಕರವಾದ ಮಾರ್ಗವೊಂದುಂಟು. ಬುದ್ಧಿಯೂ ವಿಶಿಷ್ಟ ಸ್ವಭಾವವೂ ಉಳ್ಳ, ಮಧ್ಯಮ ಗಾತ್ರದ ಒಂದೇ ಒಂದು ಮೀನನ್ನು ಆರಿಸಿ, ತೊಟ್ಟಿಯನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟು, ಅದರ ಜೀವನಕ್ರಮವನ್ನು ವರ್ಷಗಟ್ಟಲೆ ಅವಲೋಕಿಸುವುದು. ಈ ಉದ್ದೇಶಕ್ಕೆ ಸಿಕ್ಲಿಡ್ ಕುಟುಂಬದ ಮೀನುಗಳಿಗೆ ಸಮನಾದುವು ವಿರಳ. ಆದರೆ ಆ ಕುಟುಂಬದಲ್ಲಿ ಹುಟ್ಟಿದ ಮಾತ್ರಕ್ಕೆ ಎಲ್ಲವೂ ಇದಕ್ಕೆ ಯೋಗ್ಯವಲ್ಲವಾದ್ದರಿಂದ, ಆಯ್ಕೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ವಿವೇಚಿಸುವುದು ಉಚಿತ.

ಈ ಕುಟುಂಬದಲ್ಲಿ ಇದುವರೆಗೆ ಶಾಸ್ತ್ರಜ್ಞರು ವರ್ಣಿಸಿರುವ ಪ್ರಭೇದಗಳು 1,700ಕ್ಕೂ ಹೆಚ್ಚು. ಆಫ್ರಿಕದ ಮಹಾಸರೋವರಗಳು, ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕಗಳ ನದಿಗಳು ಇವುಗಳ ಮುಖ್ಯ ನೆಲೆ. ಭಾರತಕ್ಕೆ ಸಹಜವಾದವು ಕೇವಲ ಮೂರು. ನಮ್ಮ ಕೆರೆಗಳಲ್ಲಿ ಹಬ್ಬಿಕೊಂಡು ಜಿಲೇಬಿ ಎಂದು ಕರೆಯಿಸಿಕೊಳ್ಳುವ ತಿಲಾಪಿಯವೂ ಇದೇ ಬಳಗದ್ದಾದರೂ, ಅದು 1952ರಲ್ಲಿ ಭಾರತಕ್ಕೆ ತಂದು ಬಿಟ್ಟ ಪರದೇಶದ ಮೀನು. ಬಾಯಿಯ ದವಡೆಗಳಲ್ಲದೆ ಗಂಟಲಿನೊಳಗೆ ಇನ್ನೊಂದು ಜೊತೆ ದವಡೆಗಳಿರುವುದು ಈ ಕುಟುಂಬದ ಒಂದು ಮುಖ್ಯ ಲಕ್ಷಣ. ಆಹಾರವನ್ನು ಅರೆಯುವ ಕಾರ್ಯವನ್ನು ಒಳಗಿನ ದವಡೆಗಳೇ ವಹಿಸಿಕೊಳ್ಳುವುದರಿಂದ, ಹೊರಗಿನ ಬಾಯಿ ಮರಳನ್ನು ಅಗೆಯುವುದಕ್ಕೂ ಕಲ್ಲನ್ನು ಸರಿಸುವುದಕ್ಕೂ ಮರಿಗಳನ್ನು ಎತ್ತಿಕೊಂಡು ಹೋಗುವುದಕ್ಕೂ ಸ್ವತಂತ್ರವಾಗುತ್ತದೆ. ಮೊಟ್ಟೆಯಿಟ್ಟು ಮರೆತುಬಿಡುವ ಬಹುಪಾಲು ಮೀನುಗಳಂತಲ್ಲದೆ ಇವು ಮರಿಗಳನ್ನು ಕಾಯ್ದು ಬೆಳೆಸುತ್ತವೆ. 1973ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಆಸ್ಟ್ರಿಯದ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ ಅವರು, ಈ ಕುಟುಂಬದ ಜುವೆಲ್ ಮೀನಿನ ತಂದೆಯೊಂದು ಬಾಯಲ್ಲಿ ಹುಳುವನ್ನು ಕಚ್ಚಿಕೊಂಡಿರುವಾಗಲೇ ದಾರಿತಪ್ಪಿದ ಮರಿಯನ್ನೂ ಬಾಯಿಗೆ ತೆಗೆದುಕೊಂಡು, ನುಂಗಬೇಕಾದದ್ದೂ ಉಳಿಸಬೇಕಾದದ್ದೂ ಒಂದೇ ಕಡೆ ಸೇರಿದ ಇಕ್ಕಟ್ಟಿನಲ್ಲಿ ಕ್ಷಣಕಾಲ ನಿಶ್ಚಲವಾಗಿ ನಿಂತು, ಕೊನೆಗೆ ಎರಡನ್ನೂ ಉಗುಳಿ, ಹುಳುವನ್ನು ತಿಂದು ಮುಗಿಸಿದ ಮೇಲೆ ಮರಿಯನ್ನು ಎತ್ತಿಕೊಂಡು ಗೂಡಿಗೆ ಸೇರಿಸಿದ ವೃತ್ತಾಂತವನ್ನು ದಾಖಲಿಸಿದ್ದಾರೆ. ಇಂಥ ಜೀವಿಯನ್ನು ಗೃಹಾಲಂಕಾರದ ವಸ್ತುವೆಂದು ಎಣಿಸುವುದು ಸಲ್ಲದು.

ಹಾಗಾದರೆ ಅದನ್ನು ಒಂಟಿಯಾಗಿಡುವುದು ನಿರ್ದಯವಲ್ಲವೆ ಎಂಬ ಪ್ರಶ್ನೆ ಸಹೃದಯರಿಗೆ ಸಹಜವಾಗಿಯೇ ಏಳುತ್ತದೆ. ಗುಂಪಿನಲ್ಲಿ ಬಾಳುವ ಸ್ವಭಾವದ ಡಿಸ್ಕಸ್ ಮೊದಲಾದವುಗಳ ವಿಷಯದಲ್ಲಿ ಅದು ನಿರ್ದಯವೇ ಸರಿ. ಆದರೆ ಮಧ್ಯ ಅಮೆರಿಕದ ಅನೇಕ ಸಿಕ್ಲಿಡ್‌ಗಳು ತಮ್ಮದೇ ಆದ ಎಲ್ಲೆಯನ್ನು ಗುರುತಿಸಿಕೊಂಡು, ಅದರೊಳಗೆ ಕಾಲಿಟ್ಟ ಅನ್ಯರನ್ನು ಅಟ್ಟಿಬಿಡುವ ಸ್ವಭಾವದವು. ವಿಶಾಲವಾದ ನದಿಯಲ್ಲಿ ಸೋತ ಮೀನು ದೂರಕ್ಕೆ ಈಜಿ ಪ್ರಾಣ ಉಳಿಸಿಕೊಳ್ಳುತ್ತದೆ. ಮೂರಡಿಯ ತೊಟ್ಟಿಯಲ್ಲಿ ಓಡಿಹೋಗುವುದಕ್ಕೆ ಎಡೆಯೆಲ್ಲಿ? ಜೋಡಿಯನ್ನಿಟ್ಟರೆ ಅವು ಕೂಡಿ ಮರಿಮಾಡಿ, ಆ ಮರಿಗಳ ರಕ್ಷಣೆಯ ಆವೇಶದಲ್ಲಿ ಉಳಿದ ಮೀನುಗಳನ್ನು ಕೊಲ್ಲುವುದುಂಟು. ಜೋಡಿ ಒಡೆದರೆ ಬಲವಾದದ್ದು ದುರ್ಬಲವಾದದ್ದನ್ನೇ ಮುಗಿಸುವುದುಂಟು. ಆದಕಾರಣ ಸಣ್ಣ ತೊಟ್ಟಿಯಲ್ಲಿ ಇಂಥ ಮೀನಿಗೆ ಏಕಾಂತವೇ ಕ್ಷೇಮ. ಹೀಗೆ ಒಂಟಿಯಾಗಿ ಬೆಳೆದ ಸಿಕ್ಲಿಡ್ ಅಲ್ಪಕಾಲದಲ್ಲಿಯೇ ತನ್ನ ಪೋಷಕನನ್ನು ಆಹಾರದೊಡನೆ ಸಂಬಂಧಿಸಿ ಅರಿತುಕೊಂಡು, ಅವನು ಸಮೀಪಿಸುತ್ತಲೇ ಗಾಜಿನ ಬಳಿಗೆ ಬರುವುದನ್ನು ಸಾಕುವವರೆಲ್ಲರೂ ಬಲ್ಲರು.

ಇನ್ನು ತೊಟ್ಟಿಯ ವಿಚಾರ. ಮೀನನ್ನು ಮೊದಲು ಮೆಚ್ಚಿ, ಆಮೇಲೆ ಅದಕ್ಕೆ ಸ್ಥಳ ಹುಡುಕುವ ಕ್ರಮವನ್ನು ಬಿಟ್ಟು, ತೊಟ್ಟಿಯ ಅಳತೆಯನ್ನು ಮೊದಲು ನಿಶ್ಚಯಿಸಿ, ಅದಕ್ಕೆ ಒಪ್ಪುವ ಮೀನನ್ನು ಅರಸುವುದೇ ಸರಿಯಾದ ಪದ್ಧತಿ. 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರವುಳ್ಳ ತೊಟ್ಟಿಯಲ್ಲಿ ಸುಮಾರು 180 ಲೀಟರ್ ನೀರು ಹಿಡಿಯುತ್ತದೆ. ಹದಿನೈದು ಸೆಂಟಿಮೀಟರಿನ ಆಸುಪಾಸಿನಲ್ಲಿ ಬೆಳವಣಿಗೆ ಮುಗಿಸುವ ಒಂದು ಮೀನಿಗೆ ಇದು ಧಾರಾಳ. ನೀರಿನ ತೂಕವೇ 180 ಕಿಲೋಗ್ರಾಂ ಆಗುವುದರಿಂದ, ಗಾಜು ಮರಳುಗಳನ್ನೂ ಸೇರಿಸಿ ಹೊರಬಲ್ಲ ಗಟ್ಟಿಯಾದ, ಮಟ್ಟಸವಾದ ಪೀಠ ಬೇಕು. ಸಣ್ಣ ತೊಟ್ಟಿಯಲ್ಲಿಟ್ಟರೆ ಮೀನು ತೊಟ್ಟಿಗೆ ತಕ್ಕಷ್ಟೇ ಬೆಳೆಯುತ್ತದೆಂಬ ನಂಬಿಕೆ ಬಹಳ ಕಡೆ ಪ್ರಚಲಿತವಾಗಿದೆ. ಹಾಗೆ ಕುಂಠಿತವಾದ ಬೆಳವಣಿಗೆ ಅನಾರೋಗ್ಯದ ಫಲವೇ ಹೊರತು ಹೊಂದಾಣಿಕೆಯ ಫಲವಲ್ಲ.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋದರೆ, ಜನಪ್ರಿಯವಾದ ಹಲವು ಮೀನುಗಳನ್ನು ಆರಂಭದಲ್ಲಿಯೇ ಕೈಬಿಡಬೇಕಾಗುತ್ತದೆ. ಎರಡು ಅಂಗುಲದ ಮರಿಯಾಗಿ ಮಾರಾಟವಾಗುವ ಆಸ್ಕರ್, ಬೆಳೆದು ಒಂದು ಅಡಿಯನ್ನು ಮುಟ್ಟುವ, ಮೀರುವ ಮೀನು. ಟೆಕ್ಸಸ್ ಸಿಕ್ಲಿಡ್ ಕೂಡ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಬಲ್ಲುದು. 1919ರಿಂದ 1926ರ ವರೆಗೆ ಜಗಜಟ್ಟಿಯಾಗಿ ಮೆರೆದ ಅಮೆರಿಕದ ಮುಷ್ಟಿಮಲ್ಲನ ಹೆಸರನ್ನು ಹೊತ್ತಿರುವ ಜ್ಯಾಕ್ ಡೆಂಪ್ಸಿ, ಇಪ್ಪತ್ತು ಸೆಂಟಿಮೀಟರನ್ನು ದಾಟುವುದರಿಂದ ನಾಲ್ಕಡಿಯ ತೊಟ್ಟಿಗೆ ತಕ್ಕದ್ದು. ಮಿಶ್ರತಳಿಯಾದ ಬ್ಲಡ್ ಪ್ಯಾರಟ್ ಎಂಬ ಮೀನಿನ ಬಾಯಿ ಎಷ್ಟೋ ವೇಳೆ ಪೂರ್ತಿಯಾಗಿ ಮುಚ್ಚಲಾರದಷ್ಟು ವಿಕೃತವಾಗಿರುತ್ತದೆ. ಅಂಗವೈಕಲ್ಯವನ್ನು ಅಂದವೆಂದು ಕೊಳ್ಳುವುದು ಸುಸಂಸ್ಕೃತರಿಗೆ ಶೋಭಿಸದು.

ಉಳಿದವುಗಳಲ್ಲಿ ಪರಿಗಣನೆಗೆ ಅರ್ಹವಾದುವು ಮುಖ್ಯವಾಗಿ ಮೂರು. ಮಧ್ಯ ಅಮೆರಿಕದ ಕಾನ್ವಿಕ್ಟ್ ಸಿಕ್ಲಿಡ್, ಬೂದುಬಣ್ಣದ ಮೈಮೇಲೆ ಎಂಟೊಂಬತ್ತು ಕರಿಯ ಅಡ್ಡಪಟ್ಟೆಗಳುಳ್ಳದ್ದು. ಹತ್ತು ಹನ್ನೆರಡು ಸೆಂಟಿಮೀಟರಿಗೆ ನಿಲ್ಲುವ ಇದು ಗಟ್ಟಿ ಜೀವ, ಬೆಲೆಯೂ ಅಗ್ಗ. ಗಂಡಿಗಿಂತ ಹೆಣ್ಣಿಗೇ, ಹೊಟ್ಟೆಯ ಮೇಲಣ ಕಿತ್ತಳೆಯ ಛಾಯೆಯಿಂದ, ಹೆಚ್ಚಿನ ವರ್ಣಶೋಭೆಯಿರುವುದು ಮತ್ಸ್ಯಲೋಕದಲ್ಲಿ ಅಪರೂಪವಾದ ಸಂಗತಿ. ತೊಟ್ಟಿ ಮೂರಡಿಗಿಂತ ತುಸು ಕಡಮೆಯಿರುವವರು ಇದನ್ನು ನಿಶ್ಚಿಂತೆಯಿಂದ ಆರಿಸಬಹುದು.

ಎರಡನೆಯದು ಫೈರ್‌ಮೌತ್. ಮೆಕ್ಸಿಕೋದ ಯುಕತಾನ್, ಗ್ವಾಟೆಮಾಲ, ಬೆಲೀಜ್‌ಗಳ ನೀರಿನಲ್ಲಿ ಹುಟ್ಟಿ, 1918ರಲ್ಲಿ ಶಾಸ್ತ್ರೀಯವಾಗಿ ವರ್ಣಿತವಾದ ಇದಕ್ಕೆ, ಮೆಕ್ಸಿಕೋದ ಸಿಹಿನೀರ ಮೀನುಗಳನ್ನು ಅಧ್ಯಯನ ಮಾಡಿದ ಸೇತ್ ಮೀಕ್ ಎಂಬ ವಿದ್ವಾಂಸರ ಸ್ಮರಣೆಯನ್ನು ಶಾಸ್ತ್ರೀಯ ನಾಮದಲ್ಲಿ ಸೇರಿಸಿದ್ದಾರೆ. ಗಂಟಲಿನಿಂದ ಹೊಟ್ಟೆಯವರೆಗೆ ಹರಡಿದ ಕೆಂಡದ ಕೆಂಪು ಇದರ ಸಂಪತ್ತು. ಶತ್ರು ಎದುರಾದಾಗ ಕಿವಿರುಗಳ ಮುಚ್ಚಳವನ್ನು ಅರಳಿಸಿ ಆ ಕೆಂಪನ್ನೆಲ್ಲ ಪ್ರದರ್ಶಿಸುತ್ತದೆ. ಮುಚ್ಚಳದ ಕೆಳಭಾಗದಲ್ಲಿರುವ ಕಪ್ಪು ಮಚ್ಚೆಗಳು ಆಗ ದೊಡ್ಡ ಪ್ರಾಣಿಯೊಂದರ ಕಣ್ಣುಗಳಂತೆ ತೋರುತ್ತವೆ. ಕಾದಾಟಕ್ಕಿಂತ ಬೆದರಿಕೆಯಲ್ಲಿಯೇ ಹೆಚ್ಚು ವಿಶ್ವಾಸವಿಟ್ಟ ಮೀನು ಇದು. ಬಾಯ್ತುಂಬ ಮರಳನ್ನು ತೆಗೆದುಕೊಂಡು, ಆಹಾರದ ಕಣಗಳನ್ನು ಸೋಸಿ, ಮಿಕ್ಕದ್ದನ್ನು ಕಿವಿರುಗಳ ಮೂಲಕ ಹೊರಬಿಡುವುದು ಇದರ ದಿನಚರಿಯಾದ್ದರಿಂದ ಚೂಪಾದ ಜಲ್ಲಿ ನಿಷಿದ್ಧ; ನುಣುಪಾದ ಸಣ್ಣ ಮರಳೇ ಬೇಕು. ಸುಣ್ಣಕಲ್ಲಿನ ನಾಡಿನಿಂದ ಬಂದದ್ದಾದುದರಿಂದ ನಮ್ಮ ಅನೇಕ ಊರುಗಳ ಬೋರ್‌ವೆಲ್‌ನ ಗಡಸು ನೀರನ್ನು ಇದು ಸಹಿಸಬಲ್ಲುದು.

ಮೂರನೆಯದು, ಟ್ರಿನಿಡಾಡ್ ಮತ್ತು ವೆನೆಜುವೇಲಗಳ ನೀಲಿ ಅಕಾರ. ಹದಿನೈದು ಸೆಂಟಿಮೀಟರಿನ ಸುಮಾರಿಗೆ ಬೆಳೆಯುವ ಇದರ ಹುರುಪೆಗಳ ಮೇಲೆ ನೀಲಿ ಹಸಿರುಗಳ ಮಿನುಗು. ಕೆನ್ನೆಯ ಮೇಲೆ ಅಂಕುಡೊಂಕಾದ ನೀಲಿ ಗೆರೆಗಳು. ಅಂಗಡಿಗಳಲ್ಲಿ ಎಲೆಕ್ಟ್ರಿಕ್ ಬ್ಲೂ ಎಂಬ ಹೆಸರಿನಿಂದ ಸಿಕ್ಕುವುದು ಸಾಕಣೆಯಲ್ಲಿ ಹುಟ್ಟಿಸಿದ ತಳಿ. ಕುತೂಹಲವುಳ್ಳದ್ದಾದರೂ ಕ್ರೂರವಲ್ಲದ, ಬಗೆಬಗೆಯ ನೀರಿಗೂ ಆಹಾರಕ್ಕೂ ಹೊಂದಿಕೊಳ್ಳುವ, ಗಿಡಗಳನ್ನು ಅಷ್ಟಾಗಿ ಹಾಳುಗೆಡಹದ ಈ ಮೀನನ್ನೇ, ಮೂರಡಿಯ ತೊಟ್ಟಿಯುಳ್ಳ ಹೊಸಬರಿಗೆ ಪ್ರಥಮ ಸ್ಥಾನದಲ್ಲಿ ಶಿಫಾರಸು ಮಾಡಬಹುದು. ತೊಟ್ಟಿಯನ್ನು ಒಂದೆರಡು ತಿಂಗಳು ನಡೆಸಿ ಅನುಭವ ಪಡೆದವರಿಗೆ ಫೈರ್‌ಮೌತ್ ಹೆಚ್ಚಿನ ಸಂತೋಷವನ್ನು ಕೊಟ್ಟೀತು.

ಆಯ್ಕೆ ಎಷ್ಟೇ ಸಮರ್ಪಕವಾಗಿದ್ದರೂ ನೀರು ಕೆಟ್ಟರೆ ಎಲ್ಲವೂ ವ್ಯರ್ಥ. ಮೀನಿನ ಮಲದಿಂದಲೂ ಕೊಳೆತ ಆಹಾರದಿಂದಲೂ ಉತ್ಪನ್ನವಾಗುವ ವಿಷಕಾರಿ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೈಟಾಗಿಯೂ, ವಿಷವೇ ಆದ ಆ ನೈಟ್ರೈಟನ್ನು ಮತ್ತೊಂದು ಬಗೆಯವು ಕಡಮೆ ಅಪಾಯದ ನೈಟ್ರೇಟಾಗಿಯೂ ಪರಿವರ್ತಿಸುತ್ತವೆ. ಈ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಗೊಳ್ಳುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕಾಗುವುದರಿಂದ, ತೊಟ್ಟಿಯನ್ನು ತಂದ ದಿನವೇ ಮೀನನ್ನೂ ತರುವ ಆತುರ ಅನೇಕ ಸಾವುಗಳಿಗೆ ಕಾರಣ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಾಯಿಸುವುದು, ನಲ್ಲಿ ನೀರಿನ ಕ್ಲೋರೀನನ್ನು ಮೊದಲೇ ನಿವಾರಿಸುವುದು, ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡುವುದು, ನಿಮಿಷಾರ್ಧದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕುವುದು — ಈ ನಿಯಮಗಳನ್ನು ತಪ್ಪದೆ ಪಾಲಿಸಿದರೆ ಔಷಧಗಳ ಅವಶ್ಯಕತೆ ಬಹಳ ವಿರಳ. ನೀರಿನ ಉಷ್ಣತೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರತಕ್ಕದ್ದು. ಡಿಸೆಂಬರಿನ ರಾತ್ರಿಗಳಲ್ಲಿ 15 ಡಿಗ್ರಿಯ ಸಮೀಪಕ್ಕೆ ಇಳಿಯುವ ಬೆಂಗಳೂರಿನಂಥ ಊರಿನಲ್ಲಿ ಹೀಟರ್ ಅನಿವಾರ್ಯ.

ಚೆನ್ನಾಗಿ ಪೋಷಿಸಲ್ಪಟ್ಟ ಇಂಥ ಮೀನು ಎಂಟು ಹತ್ತು ವರ್ಷಗಳ ಕಾಲ ಬದುಕಬಲ್ಲುದು. ಕೊಳ್ಳುವವರು ಆ ಹೊಣೆಯನ್ನು ತಿಳಿದೇ ಕೊಳ್ಳಬೇಕು. ಬೇಸರವಾದರೆ ಕೆರೆಗೋ ಹೊಳೆಗೋ ಬಿಟ್ಟುಬಿಡೋಣವೆಂಬ ಆಲೋಚನೆಯಂತೂ ಸರ್ವಥಾ ತ್ಯಾಜ್ಯ. ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞರು 1877ರಲ್ಲಿ ವರ್ಣಿಸಿದ, ಕನ್ನಡ ಕರಾವಳಿಯ ಹೆಸರನ್ನೇ ಶಾಸ್ತ್ರೀಯ ನಾಮದಲ್ಲಿ ಪಡೆದ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಸಿಕ್ಲಿಡ್, ನಮ್ಮ ದಕ್ಷಿಣ ಕನ್ನಡದ ಹೊಳೆಗಳಲ್ಲಿ ಈಗಾಗಲೇ ವಿನಾಶದ ಭೀತಿಯಲ್ಲಿದೆ. ಅಂಥ ಸ್ಥಳೀಯ ಜೀವಿಗಳ ನೀರಿಗೆ ಪರದೇಶದ ಪ್ರಬಲ ಸ್ಪರ್ಧಿಯನ್ನು ಬಿಡುವುದು ಅಪರಾಧಕ್ಕೆ ಸಮಾನ. ಸಾಕಲಾಗದ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ಇಲ್ಲವೆ ಸಾಕಬಲ್ಲ ಮತ್ತೊಬ್ಬರಿಗೆ ಕೊಡಿ. ಆದರೆ ಊರ ಕೆರೆಗೆ ಎಂದಿಗೂ ಬಿಡಬೇಡಿ.