ಗಣಕ ಅನುಕರಣೆಯಲ್ಲಿ ಪ್ರಯೋಗ ವಿನ್ಯಾಸ: ಪ್ರಸ್ತಾರದಿಂದ ಆಯ್ಕೆಯೆಡೆಗೆ

ಪ್ರವಾಹ, ಸಾಂಕ್ರಾಮಿಕ ರೋಗ, ಭಾಷಾ ಬದಲಾವಣೆ ಮೊದಲಾದ ವಿದ್ಯಮಾನಗಳಿಗೆ ಗಣಿತೀಯ ಮಾದರಿಯನ್ನು ರೂಪಿಸಿ, ಅದನ್ನು ಗಣಕಯಂತ್ರದಲ್ಲಿ ನಡೆಸಿ ನೋಡುವ ವಿಧಾನವೇ ಗಣಕ ಅನುಕರಣೆ. ಇಂತಹ ಅಧ್ಯಯನದ ತೀರ್ಮಾನಗಳು ಮಾದರಿಯನ್ನು ಮಾತ್ರವಲ್ಲದೆ, ಅದನ್ನು ಯಾವ ಯಾವ ಸ್ಥಿತಿಗಳಲ್ಲಿ ಪರೀಕ್ಷಿಸಲಾಯಿತು ಎಂಬುದನ್ನೂ ಅವಲಂಬಿಸಿರುತ್ತವೆ. ಈ ಸ್ಥಿತಿಗಳ ಆಯ್ಕೆಯ ತತ್ತ್ವವನ್ನು ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಾದರಿಯೊಂದರಲ್ಲಿ 6 ಅಂಶಗಳಿದ್ದು, ಪ್ರತಿಯೊಂದಕ್ಕೂ 5 ಮಟ್ಟಗಳಿವೆ ಎಂದುಕೊಳ್ಳೋಣ. ಎಲ್ಲ ಸಂಯೋಜನೆಗಳ ಸಂಖ್ಯೆ 15,625. ಒಂದು ಪರೀಕ್ಷೆಗೆ ಒಂದು ಗಂಟೆಯಂತೆ, ಒಂದೇ ಯಂತ್ರದಲ್ಲಿ ಸುಮಾರು 651 ದಿನಗಳು ಬೇಕು. ಒಮ್ಮೆಗೆ ಒಂದೇ ಅಂಶವನ್ನು ಬದಲಿಸುತ್ತ ಹೋದರೆ ಶ್ರಮ ಉಳಿಯುತ್ತದೆ, ನಿಜ. ಆದರೆ ಎರಡು ಅಂಶಗಳು ಕೂಡಿ ಉಂಟುಮಾಡುವ ಪರಿಣಾಮವು ಕಣ್ತಪ್ಪಿಹೋಗುತ್ತದೆ.

ಛಂದಶ್ಶಾಸ್ತ್ರದ ಪ್ರಸ್ತಾರವು ಇದನ್ನು ಸ್ಪಷ್ಟಪಡಿಸಬಲ್ಲದು. ಮೂರು ಸ್ಥಾನಗಳಲ್ಲಿ ಲಘು-ಗುರುಗಳನ್ನಿರಿಸಿದಾಗ ದೊರೆಯುವ ಅಕ್ಷರಗಣಗಳು 8. ಇದೊಂದು ಪೂರ್ಣ ಪ್ರಯೋಗ. ಇವುಗಳಲ್ಲಿ ಮ, ಭ, ಜ, ಸ ಎಂಬ ನಾಲ್ಕನ್ನು ಮಾತ್ರ ಆರಿಸಿಕೊಂಡರೂ, ಯಾವ ಎರಡು ಸ್ಥಾನಗಳನ್ನು ನೋಡಿದರೂ ಗುರು-ಗುರು, ಗುರು-ಲಘು, ಲಘು-ಗುರು, ಲಘು-ಲಘು ಇವು ಒಂದೊಂದು ಬಾರಿ ಬರುತ್ತವೆ. ಅರ್ಧ ಶ್ರಮದಲ್ಲಿ ಸಮತೋಲನ ಸಾಧ್ಯವಾಯಿತು. ಆದರೆ ಈ ಮಿತವ್ಯಯಕ್ಕೂ ಬೆಲೆಯುಂಟು: ಎರಡು ಸ್ಥಾನಗಳ ಜಂಟಿ ಪರಿಣಾಮವನ್ನು ಮೂರನೆಯ ಸ್ಥಾನದ ಪರಿಣಾಮದಿಂದ ಇಲ್ಲಿ ಬೇರ್ಪಡಿಸಲಾಗದು.

ಇಂತಹ ಸಮತೋಲಿತ ಆಯ್ಕೆಗಳಿಗೆ ಆರ್ಥಾಗನಲ್ ಅರೇ ಎಂದು ಹೆಸರು. ಈ ಪರಿಕಲ್ಪನೆಯನ್ನು 1947ರ ಲೇಖನದಲ್ಲಿ ಪ್ರತಿಪಾದಿಸಿದ ಸಿ. ಆರ್. ರಾವ್ ಅವರು ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ ಎಂಬುದು ಉಲ್ಲೇಖನೀಯ.

ಹೊಲದ ಪ್ರಯೋಗಕ್ಕೂ ಗಣಕದ ಪ್ರಯೋಗಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಮಣ್ಣಿನ ಗುಣ ತಾಕಿನಿಂದ ತಾಕಿಗೆ ಬದಲಾಗುವುದರಿಂದ ಹೊಲದಲ್ಲಿ ಪುನರಾವರ್ತನೆ ಅನಿವಾರ್ಯ. ಯಾದೃಚ್ಛಿಕತೆಯಿಲ್ಲದ ಗಣಕ ಮಾದರಿಯಾದರೋ ಅದೇ ಮೌಲ್ಯಗಳಿಗೆ ಅದೇ ಉತ್ತರವನ್ನು ನೀಡುತ್ತದೆ, ಪುನರಾವರ್ತನೆ ವ್ಯರ್ಥ. ಆದ್ದರಿಂದ ಪರೀಕ್ಷಾಬಿಂದುಗಳನ್ನು ಇಡೀ ವ್ಯಾಪ್ತಿಯಲ್ಲಿ ಹರಡುವುದೇ ಇಲ್ಲಿ ಮುಖ್ಯ. 1979ರಲ್ಲಿ ಮ್ಯಾಕೇ, ಬೆಕ್‌ಮನ್ ಮತ್ತು ಕಾನೊವರ್ ಮಂಡಿಸಿದ ಲ್ಯಾಟಿನ್ ಹೈಪರ್‌ಕ್ಯೂಬ್ ವಿಧಾನ ಇದನ್ನೇ ಸಾಧಿಸುತ್ತದೆ. 60 ಪರೀಕ್ಷೆಗಳಿದ್ದರೆ ಪ್ರತಿ ಅಂಶದ ವ್ಯಾಪ್ತಿಯನ್ನು 60 ಸಮಭಾಗ ಮಾಡಿ, ಪ್ರತಿ ಭಾಗದಲ್ಲೂ ಒಂದೇ ಒಂದು ಪರೀಕ್ಷೆ ಬೀಳುವಂತೆ ಜೋಡಿಸಲಾಗುತ್ತದೆ. ಮೇಲಿನ ಲೆಕ್ಕದಂತೆ ಇದು ಎರಡೂವರೆ ದಿನದ ಕೆಲಸ. ಬಿಂದುಗಳು ಒಂದೆಡೆ ಗುಂಪುಗೂಡದ ಜೋಡಣೆಯನ್ನು ಆರಿಸಿಕೊಳ್ಳುವುದೂ ಅವಶ್ಯಕ.

ಮಾದರಿಯೊಳಗೇ ಯಾದೃಚ್ಛಿಕತೆ ಇದ್ದಲ್ಲಿ ಪುನರಾವರ್ತನೆಯು ಮತ್ತೆ ಅಗತ್ಯವಾಗುತ್ತದೆ. ಆಗ ಹೋಲಿಸಬೇಕಾದ ಎರಡು ಸ್ಥಿತಿಗಳಿಗೂ ಒಂದೇ ಯಾದೃಚ್ಛಿಕ ಸಂಖ್ಯಾಸರಣಿಯನ್ನು ಬಳಸಿದರೆ, ಅವುಗಳ ನಡುವಿನ ನಿಜವಾದ ಅಂತರವು ಸಾಮಾನ್ಯವಾಗಿ ಕಡಿಮೆ ಪರೀಕ್ಷೆಗಳಲ್ಲೇ ಗೋಚರಿಸುತ್ತದೆ.

ಒಟ್ಟಿನಲ್ಲಿ, ದಕ್ಷ ವಿನ್ಯಾಸವೆಂದರೆ ಕೇವಲ ಪರೀಕ್ಷೆಗಳ ಸಂಖ್ಯೆಯನ್ನು ಕಡಿಮೆಗೊಳಿಸುವುದಲ್ಲ. ಯಾವ ಪ್ರಶ್ನೆಯನ್ನು ಕೈಬಿಡಲಾಗಿದೆ ಎಂಬುದನ್ನು ಅರಿತು ಕಡಿಮೆಗೊಳಿಸುವುದು. ಅನುಕರಣೆಯನ್ನು ಆಧರಿಸಿದ ಯಾವುದೇ ಪ್ರಬಂಧವನ್ನು ಪರಿಶೀಲಿಸುವಾಗ ಅದರ ಫಲಿತಾಂಶಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ ಆಗಿದೆ.