ಆಂಟೆನಾ ಕೊಳವೆಗೆ ಒಣಗಾಳಿ: ತೇವದ ನಷ್ಟವನ್ನು ತಡೆಯುವ ಬಗೆ

ತೇವ ಆರದ ಅರಿಶಿನವನ್ನು ಮೂಟೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಗುಂಡ್ಲುಪೇಟೆ ಮತ್ತು ಚಾಮರಾಜನಗರದ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೋಪುರದ ಮೇಲಿನ ಆಂಟೆನಾಕ್ಕೆ ರೇಡಿಯೋ ತರಂಗಗಳನ್ನು ಒಯ್ಯುವ ಟೊಳ್ಳು ಕೊಳವೆಯನ್ನೂ ಅದೇ ತೇವ ಕೆಡಿಸುತ್ತದೆ ಎಂಬುದು ಮಾತ್ರ ಅಷ್ಟಾಗಿ ತಿಳಿದ ವಿಷಯವಲ್ಲ. ಪ್ರಸಾರ ಹಾಗೂ ಸಂಪರ್ಕ ಸಾಧನಗಳ ಅಳವಡಿಕೆ ಮತ್ತು ನಿರ್ವಹಣೆಯ ಗುತ್ತಿಗೆ ಪಡೆಯುವ ಸಣ್ಣ ಉದ್ಯಮಿಗಳು ಇದನ್ನು ಅರಿತಿರುವುದು ಲಾಭದಾಯಕ.

ತೇವ ಒಳಸೇರುವ ಬಗೆ

ನಮ್ಮ ಜಿಲ್ಲೆಗೆ ಮುಂಗಾರು, ಹಿಂಗಾರು ಎರಡೂ ಮಳೆ ತರುತ್ತವೆ. 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಹೆಸರಿಗೆ ತಕ್ಕಂತೆ ಮಂಜು ಹೊದ್ದಿರುತ್ತದೆ. ಆದರೆ ಕೊಳವೆಯೊಳಗೆ ನೀರು ಸೇರಲು ಮಳೆಯೇ ಬೇಕೆಂದಿಲ್ಲ. ಹಗಲು 32 ಡಿಗ್ರಿ ಸೆಲ್ಸಿಯಸ್ ಇದ್ದು ಬೆಳಗಿನ ಜಾವ 17ಕ್ಕೆ ಇಳಿದರೆ, ಮುಚ್ಚಿದ ಕೊಳವೆಯಲ್ಲಿನ ಗಾಳಿಯ ಒತ್ತಡ ಸುಮಾರು ಶೇ. 5ರಷ್ಟು ತಗ್ಗುತ್ತದೆ. ಆಗ ಸಡಿಲವಾದ ಒಂದು ಜೋಡಣೆಯಿದ್ದರೂ ಹೊರಗಿನ ತೇವಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಿನ ಆವಿಯನ್ನು ಹಿಡಿದಿಡಬಲ್ಲದು; 20 ಡಿಗ್ರಿಯಲ್ಲಿ 17 ಗ್ರಾಂ ಮಾತ್ರ. ಉಳಿದದ್ದು ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ದಿನವೂ ಇದೇ ನಡೆದರೆ ಲೋಹ ಕಿಲುಬು ಹಿಡಿಯುತ್ತದೆ, ತರಂಗದ ಶಕ್ತಿ ಕುಂದುತ್ತದೆ, ಒಂದಂಶ ಪ್ರೇಷಕದತ್ತಲೇ ಹಿಂದಿರುಗುತ್ತದೆ. ಅಧಿಕ ಶಕ್ತಿಯ ಪ್ರೇಷಕವಾದರೆ ಕೊಳವೆಯೊಳಗೆ ಕಿಡಿ ಹಾರುವ ಅಪಾಯವೂ ಉಂಟು.

ಇದಕ್ಕೆ ಪರಿಹಾರವೇ ಏರ್ ಡಿಹೈಡ್ರೇಟರ್. ಇದು ಗಾಳಿಯನ್ನು ಒತ್ತಿ, ಸಿಲಿಕಾ ಜೆಲ್‌ನಂತಹ ತೇವಹೀರಕದ ಮೂಲಕವೋ ವಿಶೇಷ ಪೊರೆಯ ಮೂಲಕವೋ ಹಾಯಿಸಿ, ಒಣಗಿದ ಗಾಳಿಯನ್ನು ಅಲ್ಪ ಒತ್ತಡದಲ್ಲಿ ಕೊಳವೆಗೆ ತುಂಬುತ್ತದೆ. ಇಬ್ಬನಿ ಬಿಂದು ಮೈನಸ್ 40 ಡಿಗ್ರಿಗೆ ಇಳಿದ ಗಾಳಿಯಲ್ಲಿ ಘನ ಮೀಟರಿಗೆ ಉಳಿಯುವ ನೀರು ಒಂದು ಗ್ರಾಮಿನ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಒಳಗಿನ ಒತ್ತಡ ಸದಾ ಹೊರಗಿನದಕ್ಕಿಂತ ಹೆಚ್ಚಿರುವುದರಿಂದ, ಬಿರುಕಿದ್ದರೂ ಗಾಳಿ ಹೊರಕ್ಕೆ ಹೋಗುತ್ತದೆಯೇ ಹೊರತು ತೇವ ಒಳಬರುವುದಿಲ್ಲ.

ಕೊಳ್ಳುವ ಮುನ್ನ

ಎಲ್ಲ ಗೋಪುರಗಳಿಗೂ ಈ ಯಂತ್ರ ಬೇಕಿಲ್ಲ. ರೇಡಿಯೋ ಘಟಕವೇ ಆಂಟೆನಾದ ಬೆನ್ನಿಗಿರುವ ಇಂದಿನ ಅನೇಕ ಮೈಕ್ರೋವೇವ್ ಸಾಧನಗಳಿಗೂ, ಫೋಮ್ ತುಂಬಿದ ಕೇಬಲ್‌ಗಳಿಗೂ ಇದು ಅನಗತ್ಯ. ಉದ್ದನೆಯ ವೇವ್‌ಗೈಡ್ ಅಥವಾ ಗಾಳಿಯೇ ನಿರೋಧಕವಾಗಿರುವ ದಪ್ಪ ಕೇಬಲ್ ಇದ್ದಲ್ಲಿ ಮಾತ್ರ ಇದರ ವೆಚ್ಚ ಸಾರ್ಥಕ. ಕೊಳವೆಗಳ ಒಟ್ಟು ಗಾತ್ರವನ್ನು ಲೆಕ್ಕಹಾಕಿ ಅದಕ್ಕೆ ತಕ್ಕ ಯಂತ್ರವನ್ನು ಆರಿಸಬೇಕು.

ಅಳವಡಿಕೆ

ಯಂತ್ರವನ್ನು ಗಾಳಿಯಾಡುವ, ತಂಪಾದ, ಧೂಳಿಲ್ಲದ ಕೋಣೆಯಲ್ಲಿ, ಕೊಳವೆಗಳು ಒಳಬರುವ ಸ್ಥಳಕ್ಕೆ ಸಮೀಪವಾಗಿ ಇರಿಸಬೇಕು. ಸಿಡಿಲಿನ ಆಘಾತದಿಂದ ರಕ್ಷಣೆ ಅವಶ್ಯ. ಹಲವು ಕೊಳವೆಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಕವಾಟ ಮತ್ತು ಒತ್ತಡಮಾಪಕ ಇರಲಿ. ಒಂದು ಸೋರಿದಾಗ ಅದನ್ನಷ್ಟೇ ಮುಚ್ಚಿ ಉಳಿದವನ್ನು ಕಾಪಾಡಬಹುದು.

ಮೊದಲ ಬಾರಿ ಚಾಲೂ ಮಾಡುವಾಗ ಒಳಗಿರುವ ಹಳೆಯ ತೇವಗಾಳಿಯನ್ನು ಹೊರದೂಡಬೇಕು. ಮೇಲ್ತುದಿಯ ಬಿರಡೆ ತೆಗೆದು ಒಣಗಾಳಿ ಹಾಯಿಸಬೇಕು. ಅದು ಸಾಧ್ಯವಿಲ್ಲದಿದ್ದರೆ ಹಲವು ಬಾರಿ ತುಂಬಿ ಖಾಲಿ ಮಾಡಬೇಕು. ಈ ಕೆಲಸಗಳ ವೇಳೆ ಪ್ರೇಷಕ ನಿಲ್ಲಿಸಿರಬೇಕು. ಒತ್ತಡವನ್ನು ನಿಗದಿಪಡಿಸುವಾಗ ಕೊಳವೆಯ ಬಲವನ್ನಷ್ಟೇ ನೋಡಿದರೆ ಸಾಲದು. ಆಂಟೆನಾದ ತುದಿಯ ತೆಳು ಮುಚ್ಚಳವು ಕೊಳವೆಗಿಂತ ಎಷ್ಟೋ ದುರ್ಬಲವಾಗಿರಬಹುದು. ಸಾಲಿನಲ್ಲಿ ಅತಿ ದುರ್ಬಲವಾದ ಭಾಗಕ್ಕೆ ತಯಾರಕರು ಹೇಳಿದ ಮಿತಿಯೇ ಇಡೀ ಸಾಲಿನ ಮಿತಿ.

ನಿರ್ವಹಣೆ

ಕವಾಟ ಮುಚ್ಚಿ, 24 ಗಂಟೆಗಳ ನಂತರ ಅದೇ ತಾಪಮಾನದಲ್ಲಿ ಒತ್ತಡವನ್ನು ಮತ್ತೆ ಓದಿದರೆ ಸೋರಿಕೆ ಗೊತ್ತಾಗುತ್ತದೆ. ಸಾಬೂನಿನ ನೊರೆ ಅದರ ಜಾಗವನ್ನು ತೋರಿಸುತ್ತದೆ. ಸಂಪೀಡಕ ದಿನಕ್ಕೆ ಎಷ್ಟು ಹೊತ್ತು ಓಡಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಓಟ ಹೆಚ್ಚುತ್ತ ಹೋದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ತೇವದಿಂದ ತುಂಬಿದೆ. ನೀಲಿ ಬಣ್ಣ ಕೊಡುವ ಕೋಬಾಲ್ಟ್ ಲವಣ ಆರೋಗ್ಯಕ್ಕೆ ಹಾನಿಕರವಾದ್ದರಿಂದ ಕೋಬಾಲ್ಟ್ ಇಲ್ಲದ ಕಿತ್ತಳೆ ಬಣ್ಣದ ಜೆಲ್ ಮೇಲು.

ಈ ತಪಾಸಣೆ ಇಲ್ಲದಿದ್ದರೆ ನಷ್ಟ ದುಪ್ಪಟ್ಟಾಗುತ್ತದೆ. ಸಂಪರ್ಕ ಕ್ಷೀಣಿಸಿದಾಗ ರೇಡಿಯೋ ಕೆಟ್ಟಿದೆಯೆಂದು ಭಾವಿಸಿ ಹೊಸದನ್ನು ಕೂರಿಸುತ್ತಾರೆ. ಕೊಳವೆಯೊಳಗಿನ ನೀರು ಹಾಗೆಯೇ ಉಳಿದು ತೊಂದರೆ ಮರುಕಳಿಸುತ್ತದೆ. ಆದ್ದರಿಂದ ವಾರ್ಷಿಕ ನಿರ್ವಹಣೆಯ ಗುತ್ತಿಗೆಗೆ ಸಹಿ ಹಾಕುವ ಸದಸ್ಯರು ಕೊಳವೆಯ ಒತ್ತಡ ಮತ್ತು ತೇವಹೀರಕದ ಹೊಣೆ ಯಾರದೆಂಬುದನ್ನು ಕರಾರಿನಲ್ಲಿಯೇ ಸ್ಪಷ್ಟವಾಗಿ ಬರೆಸಿಕೊಳ್ಳುವುದು ಒಳಿತು.

ಕಲ್ಲು ಸಂಸ್ಕರಣೆ ಮತ್ತು ಆಹಾರ ಪೊಟ್ಟಣ ಘಟಕಗಳ ಒತ್ತಡಗಾಳಿಗೂ ಇದೇ ತತ್ವ ಅನ್ವಯಿಸುತ್ತದೆ. ಆದರೆ ಆಂಟೆನಾದ ಯಂತ್ರ ಕೊಡುವ ಗಾಳಿ ಅತ್ಯಲ್ಪ. ಅಲ್ಲಿಗೆ ಶೈತ್ಯಕ ಮಾದರಿಯ ದೊಡ್ಡ ಡ್ರೈಯರ್ ಸಾಮಾನ್ಯವಾಗಿ ಸೂಕ್ತ. ಯಂತ್ರ ಯಾವುದೇ ಇರಲಿ, ಮುಂಗಾರಿಗೆ ಮೊದಲು ಒಂದು ದಿನ ಅದರ ತಪಾಸಣೆಗೆ ಮೀಸಲಿಟ್ಟವರಿಗೆ ಮಳೆಗಾಲದಲ್ಲಿ ಗೋಪುರ ಹತ್ತುವ ಪ್ರಮೇಯ ಕಡಿಮೆ.