ಅನಾಥರಲ್ಲದವರನ್ನು ಅನಾಥರನ್ನಾಗಿಸಿದ ಕಾನೂನು

ಆಸ್ಟ್ರೇಲಿಯದಲ್ಲಿ ಹೆತ್ತವರಿಂದ ಕಸಿದೊಯ್ದ ಆದಿವಾಸಿ ಮಕ್ಕಳ ಮಾತು ಬಂದಾಗಲೆಲ್ಲ ಒಂದು ಸಮಜಾಯಿಷಿಯೂ ಜೊತೆಗೇ ಬರುತ್ತದೆ. ಆ ಮಕ್ಕಳು ಹಸಿವು, ರೋಗಗಳ ನಡುವೆ ದಿಕ್ಕಿಲ್ಲದೆ ಬೆಳೆಯುತ್ತಿದ್ದರು, ಸರ್ಕಾರ ಕರೆದೊಯ್ದು ಊಟ, ಬಟ್ಟೆ, ಓದು ಕೊಟ್ಟಿತು, ರೀತಿ ಒರಟಾಗಿದ್ದರೂ ಉದ್ದೇಶ ಒಳ್ಳೆಯದೇ ಆಗಿತ್ತು ಎಂಬ ನಂಬಿಕೆ ಅದು. ಇದನ್ನು ಅಲ್ಲಗಳೆಯಲು ನೊಂದವರ ಕಣ್ಣೀರನ್ನೇ ಮುಂದಿಡಬೇಕಾಗಿಲ್ಲ. ಅಂದಿನ ಸರ್ಕಾರಗಳು ತಾವೇ ಬರೆದಿಟ್ಟ ಕಾಯ್ದೆ, ಕಡತಗಳು ಸಾಕು.

ನ್ಯೂ ಸೌತ್ ವೇಲ್ಸ್ ರಾಜ್ಯವನ್ನೇ ನೋಡಿ. ಅಲ್ಲಿನ 1909ರ ಕಾಯ್ದೆಯ ಪ್ರಕಾರ ಆದಿವಾಸಿ ಮಗುವನ್ನು ವಶಕ್ಕೆ ಪಡೆಯಬೇಕಾದರೆ ಅದು ನಿರ್ಲಕ್ಷ್ಯಕ್ಕೆ ಒಳಗಾಗಿದೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಸಾಬೀತು ಮಾಡಬೇಕಿತ್ತು. ಆದಿವಾಸಿಗಳ ರಕ್ಷಣಾ ಮಂಡಳಿಗೆ ಇದೇ ತೊಡಕಾಯಿತು. 1915ರ ತಿದ್ದುಪಡಿ ಆ ತೊಡಕನ್ನು ಕಿತ್ತುಹಾಕಿ, ಮಗುವಿನ ಒಳಿತಿಗೆಂದು ಮಂಡಳಿಗೆ ಅನ್ನಿಸಿದರೆ ಸಾಕು, ಕೋರ್ಟೂ ಬೇಡ, ಹೆತ್ತವರ ಒಪ್ಪಿಗೆಯೂ ಬೇಡ ಎಂದಿತು. ನಿರ್ಲಕ್ಷ್ಯವೇ ನಿಜವಾದ ಕಾರಣವಾಗಿದ್ದರೆ ಅದಕ್ಕೆ ಪುರಾವೆ ಕೊಡುವ ಹೊಣೆಯನ್ನು ತೆಗೆದುಹಾಕುವ ಅಗತ್ಯವೇನಿತ್ತು? ಉತ್ತರ 1937ರ ಕ್ಯಾನ್‌ಬೆರ್ರಾ ಸಮ್ಮೇಳನದಲ್ಲಿ ಸಿಗುತ್ತದೆ. ಕೇಂದ್ರ ಮತ್ತು ರಾಜ್ಯಗಳ ಅಧಿಕಾರಿಗಳು ಅಲ್ಲಿ ಸೇರಿ, ಮಿಶ್ರರಕ್ತದ ಆದಿವಾಸಿಗಳು ಕ್ರಮೇಣ ಬಿಳಿಯರಲ್ಲಿ ಕರಗಿಹೋಗಬೇಕು ಎಂದು ನಿರ್ಣಯಿಸಿದರು. 1915ರಿಂದ 1940ರವರೆಗೆ ಪಶ್ಚಿಮ ಆಸ್ಟ್ರೇಲಿಯದಲ್ಲಿ ಆದಿವಾಸಿಗಳ ಉಸ್ತುವಾರಿ ಹೊತ್ತಿದ್ದ ಎ. ಒ. ನೆವಿಲ್ ಅಲ್ಲಿ ಮಾತನಾಡುತ್ತ, ಈ ದೇಶದಲ್ಲಿ ಆದಿವಾಸಿಗಳು ಎಂದಾದರೂ ಇದ್ದರೆಂಬುದೇ ಮರೆತುಹೋಗುವ ದಿನವನ್ನು ಗುರಿಯಾಗಿ ಮುಂದಿಟ್ಟ. ತಾಯಿ ಹೇಗೆ ಸಾಕುತ್ತಿದ್ದಾಳೆ ಎನ್ನುವುದಕ್ಕಿಂತ ಮಗುವಿನ ಚರ್ಮ ಎಷ್ಟು ತಿಳಿಯಾಗಿದೆ ಎಂದು ನೋಡುವ ನೀತಿಗೆ ಮಕ್ಕಳ ಕಲ್ಯಾಣ ಎಂಬ ಹೆಸರು ಸಲ್ಲದು.

ಅಂದಿನವರನ್ನು ಇಂದಿನ ತಕ್ಕಡಿಯಲ್ಲಿ ತೂಗಬಾರದು ಎನ್ನುವವರಿದ್ದಾರೆ. ಸರಿ, ಅಂದಿನ ತಕ್ಕಡಿಯಲ್ಲೇ ತೂಗೋಣ. 1915ರ ತಿದ್ದುಪಡಿ ಚರ್ಚೆಗೆ ಬಂದಾಗ ಮೆಕ್‌ಗ್ಯಾರಿ ಎಂಬ ಶಾಸಕ, ಇದು ಹೆತ್ತವರಿಂದ ಮಕ್ಕಳನ್ನು ಕದಿಯುವ ಕೆಲಸ ಎಂದು ಸದನದಲ್ಲೇ ವಿರೋಧಿಸಿದ. 1920ರ ದಶಕದಲ್ಲಿ ಫ್ರೆಡ್ ಮೇನಾರ್ಡ್ ಮುಂದಾಳತ್ವದ ಆದಿವಾಸಿ ಸಂಘಟನೆಯೂ ಇದನ್ನು ನಿಲ್ಲಿಸಿ ಎಂದು ಹೋರಾಡಿತು. ಅಂದಮೇಲೆ 'ಕಳವು' ಎನ್ನುವುದು ಇತ್ತೀಚಿನ ಇತಿಹಾಸಕಾರರು ಹಚ್ಚಿದ ಬಣ್ಣವಲ್ಲ. ತಪ್ಪೆಂದು ಹೇಳಿದವರು ಆಗಲೂ ಇದ್ದರು, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ, ಅಷ್ಟೆ.

ಮಕ್ಕಳಿಗೆ ಒಳ್ಳೆಯದಾಯಿತಲ್ಲ ಎಂಬ ವಾದಕ್ಕೆ ನ್ಯಾಯಾಲಯದಲ್ಲೇ ಪರೀಕ್ಷೆಯಾದ ಒಂದು ಬದುಕಿದೆ. 1957ರ ಕ್ರಿಸ್‌ಮಸ್ ದಿನ ದಕ್ಷಿಣ ಆಸ್ಟ್ರೇಲಿಯದಲ್ಲಿ ಬ್ರೂಸ್ ಟ್ರೆವೊರೊ ಎಂಬ 13 ತಿಂಗಳ ಕೂಸಿಗೆ ಹೊಟ್ಟೆನೋವು ಬಂತು. ಅಪ್ಪ ಅದನ್ನು ಅಡಿಲೇಡಿನ ಮಕ್ಕಳ ಆಸ್ಪತ್ರೆಗೆ ಕಳುಹಿಸಿಕೊಟ್ಟ. ಮಗು ಗುಣವಾಯಿತು, ಆದರೆ ಮನೆಗೆ ಬರಲಿಲ್ಲ. ಅಧಿಕಾರಿಗಳು ಅದನ್ನು ಒಂದು ಬಿಳಿಯ ಕುಟುಂಬಕ್ಕೆ ಕೊಟ್ಟುಬಿಟ್ಟಿದ್ದರು. ನನ್ನ ಕಂದ ಯಾವಾಗ ಬರುತ್ತಾನೆ ಎಂದು ತಾಯಿ ತಿಂಗಳುಗಳ ನಂತರ ಕಾಗದ ಬರೆದಾಗ, ಚೇತರಿಸಿಕೊಳ್ಳುತ್ತಿದ್ದಾನೆ, ವೈದ್ಯರು ಇನ್ನೂ ಬಿಡುತ್ತಿಲ್ಲ ಎಂಬ ಉತ್ತರ ಹೋಯಿತು. ಕಡತದಲ್ಲಿ ಉಳಿದ ಈ ಸುಳ್ಳು ಇಡೀ ವ್ಯವಸ್ಥೆಯ ಗುಣವನ್ನು ಹೇಳುತ್ತದೆ. 2007ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಮಗುವನ್ನು ಹೀಗೆ ಒಯ್ದದ್ದು ಕಾನೂನುಬಾಹಿರ ಎಂದು ಸಾರಿ 5,25,000 ಡಾಲರ್ ಪರಿಹಾರ ಕೊಡಿಸಿತು. ಬಡತನವೇ ಅವನನ್ನು ಕೆಡಿಸಿತು ಎನ್ನುವಂತಿರಲಿಲ್ಲ. ಅದೇ ಬಡತನದಲ್ಲಿ ಹೆತ್ತವರ ಬಳಿಯೇ ಬೆಳೆದ ಅಣ್ಣಂದಿರು ಸಮುದಾಯದ ಮುಂದಾಳುಗಳಾದರೆ, ಬ್ರೂಸ್ ಖಿನ್ನತೆ ಮತ್ತು ಕುಡಿತದಲ್ಲಿ ಬೆಂದ. ತೀರ್ಪಿನ ಮರುವರ್ಷವೇ ತೀರಿಕೊಂಡ. ಇನ್ನು ಓದಿನ ಮಾತು: ಕೂಟಮಂಡ್ರಾದ ಹೆಣ್ಣುಮಕ್ಕಳ ಸಂಸ್ಥೆ ಹುಡುಗಿಯರಿಗೆ ಕಲಿಸಿದ್ದು ಮುಖ್ಯವಾಗಿ ಬಿಳಿಯರ ಮನೆಗೆಲಸ, ಅವರ ಕೂಲಿ ಹಣವೂ ಮಂಡಳಿಯ ಕೈಯಲ್ಲಿರುತ್ತಿತ್ತು. ಕಿಂಚೇಲಾದ ಹುಡುಗರ ಸಂಸ್ಥೆಯಲ್ಲಿ ಮಕ್ಕಳನ್ನು ಹೆಸರಿನ ಬದಲು ನಂಬರಿನಿಂದ ಕರೆಯುತ್ತಿದ್ದರು.

ಹೀಗೆ ಗೆಲ್ಲದ ದಾವೆಗಳೂ ಇವೆ, ಅವನ್ನು ಮರೆಮಾಚಬೇಕಿಲ್ಲ. ಬಾಲ್ಯದಲ್ಲಿ ಹೀಗೆಯೇ ಒಯ್ಯಲ್ಪಟ್ಟಿದ್ದ ಲೋರ್ನಾ ಕುಬಿಲೊ ಮತ್ತು ಪೀಟರ್ ಗನ್ನರ್ 2000ದಲ್ಲಿ ತಮ್ಮ ದಾವೆಯಲ್ಲಿ ಸೋತರು. ಗನ್ನರ್ ವಿರುದ್ಧ ನಿಂತದ್ದು ಅವರ ತಾಯಿಯದೆನ್ನಲಾದ ಹೆಬ್ಬೆಟ್ಟಿನ ಗುರುತಿದ್ದ ಒಂದು ಇಂಗ್ಲಿಷ್ ಅರ್ಜಿ. ಅದರಲ್ಲಿ ಏನಿದೆಯೆಂದು ಆಕೆಗೆ ತಿಳಿದಿತ್ತೇ ಎಂಬುದಕ್ಕೆ ಕಾಗದ ಉತ್ತರ ಕೊಡುವುದಿಲ್ಲ. ದಶಕಗಳ ನಂತರ ಸಾಕ್ಷಿಗಳಿಲ್ಲದೆ ಬಿದ್ದುಹೋದ ದಾವೆಯನ್ನು ಏನೂ ನಡೆದೇ ಇಲ್ಲ ಎಂಬ ತೀರ್ಪಿನಂತೆ ಓದುವುದು ಜಾಣತನವೇ ಹೊರತು ಸತ್ಯವಲ್ಲ. 1997ರ ರಾಷ್ಟ್ರೀಯ ವಿಚಾರಣಾ ವರದಿ, 1910ರಿಂದ 1970ರ ನಡುವೆ ಮೂರರಿಂದ ಹತ್ತು ಆದಿವಾಸಿ ಮಕ್ಕಳಲ್ಲಿ ಒಬ್ಬರನ್ನು ಒಯ್ಯಲಾಯಿತು ಎಂದು ಅಂದಾಜಿಸಿತು. ಈ ಅಂದಾಜು ಸಡಿಲವಾಗಿದೆ ನಿಜ. ಲೆಕ್ಕ ಸರಿಯಾಗಿ ಇಡದೆ ಹೋದವರು ಒಯ್ದವರೇ.

ಕೊನೆಗೆ ಉಳಿಯುವುದು, ಅದೆಲ್ಲ ಮುಗಿದ ಕಥೆ ಎಂಬ ನಂಬಿಕೆ. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ದೊಡ್ಡ ಸಂಗತಿಯೇ. ಆದರೆ 2018ರ ಸರ್ಕಾರಿ ಅಧ್ಯಯನದ ಪ್ರಕಾರ, ಹಾಗೆ ಬೇರ್ಪಡದ ಆದಿವಾಸಿಗಳಿಗೆ ಹೋಲಿಸಿದರೆ ಬೇರ್ಪಟ್ಟವರು ಜೈಲು ಸೇರುವ ಸಂಭವ ಮೂರು ಪಟ್ಟಿಗೂ ಹೆಚ್ಚು, ಆರೋಗ್ಯವೂ ಕಳಪೆ. ಅಪ್ಪ ಅಮ್ಮ ಹೇಗಿರುತ್ತಾರೆಂದು ನೋಡದೆ ಬೆಳೆದವರು ತಾವು ಅಪ್ಪ ಅಮ್ಮಂದಿರಾದಾಗ ಆ ಗಾಯ ಮಕ್ಕಳಿಗೂ ದಾಟುತ್ತದೆ. ಇಂದು ಮಗುವನ್ನು ಬೇರೆಡೆ ಇರಿಸಲು ನ್ಯಾಯಾಲಯವಿದೆ, ನಿಯಮವಿದೆ, ಅದನ್ನು ಹಳೆಯದರ ಜೊತೆ ಸಾರಾಸಗಟಾಗಿ ಸಮೀಕರಿಸುವುದು ಸರಿಯಲ್ಲ. ಆದರೂ ಆಸ್ಟ್ರೇಲಿಯದ ಮಕ್ಕಳಲ್ಲಿ ಸುಮಾರು ಶೇ. 6ರಷ್ಟಿರುವ ಆದಿವಾಸಿ ಮಕ್ಕಳು, ಮನೆಯಿಂದ ಹೊರಗೆ ಸರ್ಕಾರದ ಆರೈಕೆಯಲ್ಲಿರುವ ಮಕ್ಕಳಲ್ಲಿ ಶೇ. 40ಕ್ಕೂ ಹೆಚ್ಚಿದ್ದಾರೆ.